ದರ್ಜಿಯ ಸವಾರಿ

ಅರವತ್ತನೆಯ ವರ್ಷಕ್ಕೆ ಕಾಲಿಟ್ಟವನೊಬ್ಬನು ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನೂ ಹಗ್ಗದ ಮೇಲೆ ನಡೆಯುವುದನ್ನೂ ಕಲಿಯಹೊರಟರೆ ನೆಂಟರಿಷ್ಟರು ಏನೆಂದುಕೊಳ್ಳುವರೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ನಾನು ಅದನ್ನು ಊರಿನವರಾರಿಗೂ ತಿಳಿಸದೆಯೇ ಮಾಡಿದೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ, ಲಂಡನ್ನಿನಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರಲು ಹೋಗಿದ್ದೆ. ದಿನವಿಡೀ ಕಚೇರಿಯಲ್ಲಿ ಕುಳಿತು ಬೆನ್ನುನೋವು ತಂದುಕೊಂಡಿದ್ದ ಆಕೆ, ದೊಡ್ಡವರಿಗಾಗಿಯೇ ನಡೆಸುವ ಸರ್ಕಸ್ ವಿದ್ಯೆಯ ಪ್ರಾರಂಭದ ತರಗತಿಯೊಂದಕ್ಕೆ ಸೇರಿದಳು. ಅಪ್ಪ ಮನೆಯಲ್ಲಿ ಒಬ್ಬರೇ ಕುಳಿತಿರುತ್ತಾರಲ್ಲ ಎಂದು ನನ್ನ ಹೆಸರನ್ನೂ ಬರೆಸಿ ಹತ್ತು ವಾರಗಳ ಶುಲ್ಕವನ್ನು ಕಟ್ಟಿಬಿಟ್ಟಳು. ಕೊಟ್ಟ ಹಣ ಹಿಂದಕ್ಕೆ ಬರುವುದಿಲ್ಲವೆಂದು ತಿಳಿದ ಮೇಲೆ ಮೇಷ್ಟರ ಮನಸ್ಸಿಗೆ ಬೇರೆ ದಾರಿ ತೋರಲಿಲ್ಲ.

ಮೊದಲನೆಯ ದಿನ ನಮಗೆ ಕಲಿಸಿದ್ದು ಬೀಳುವುದನ್ನು. ದಪ್ಪ ಚಾಪೆಯ ಮೇಲೆ ಗಲ್ಲವನ್ನು ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಭುಜದ ಮೇಲೆ ಉರುಳುವುದು. ಆಮೇಲೆ ಚೆಂಡಿನ ಅಭ್ಯಾಸ. ಕಲಿಯುವವನು ಗೋಡೆಗೆ ಮುಖಮಾಡಿ ನಿಲ್ಲಬೇಕು; ಹಾಗೆ ನಿಂತರೆ ಚೆಂಡು ಮುಂದಕ್ಕೆ ಓಡಿಹೋಗುವುದಿಲ್ಲ, ಕಲಿಯುವವನೂ ಅದರ ಹಿಂದೆ ಓಡುವ ಚಟಕ್ಕೆ ಬೀಳುವುದಿಲ್ಲ. ಒಂದು ಚೆಂಡು ಕಣ್ಣಿನ ಎತ್ತರಕ್ಕೆ ಹೋಗಿ ಇಳಿಯತೊಡಗಿದಾಗ ಎರಡನೆಯದನ್ನು ಎಸೆಯಬೇಕು. ಇಷ್ಟೇ ಶಾಸ್ತ್ರ. ನನ್ನ ಕೈಗೆ ಮಾತ್ರ ಈ ಶಾಸ್ತ್ರ ತಿಳಿಯಲೊಲ್ಲದು. ಚೆಂಡುಗಳು ನೆಲಕ್ಕೆ ಬಿದ್ದ ಸದ್ದೇ ಗಂಟೆಯುದ್ದಕ್ಕೂ ನನ್ನ ಸುತ್ತ ಕೇಳಿಸುತ್ತಿದ್ದಿತು. ಹಿಂದಿನಿಂದ ಯಾರೋ ನಕ್ಕರು. ಅವರು ನಕ್ಕದ್ದು ತಮ್ಮ ಚೆಂಡಿಗೋ ನನ್ನ ಚೆಂಡಿಗೋ ತಿಳಿಯದು. ನನ್ನ ಕಿವಿ ಮಾತ್ರ ಬಿಸಿಯಾಯಿತು. ನಮ್ಮ ಗುರು, ನನ್ನ ಮಗಳಿಗಿಂತಲೂ ಚಿಕ್ಕವಳಾದ ಒಬ್ಬ ಹುಡುಗಿ, ಅದನ್ನು ಗಮನಿಸಿರಬೇಕು. ತರಗತಿ ಮುಗಿದ ಮೇಲೆ ನಮ್ಮನ್ನೆಲ್ಲ ಕುಳ್ಳಿರಿಸಿ, ಈ ವಿದ್ಯೆಯ ಮೂಲಪುರುಷನು ನದಿಯ ಆಚೆಯ ದಡದಲ್ಲಿ ಒಂದು ಶಾಲೆಯನ್ನು ತೆರೆದಿದ್ದವನೆಂದೂ, ಅವನ ರಂಗದಲ್ಲಿ ಜನರನ್ನು ಮೊದಲು ನಗಿಸಿದ ಪಾತ್ರವೇ ಕಲಿಯಲು ಬಾರದ ಒಬ್ಬ ದೊಡ್ಡ ಮನುಷ್ಯನದೆಂದೂ ಹೇಳಿದಳು. ಆ ಮೂಲಪುರುಷನ ಹೆಸರು ಫಿಲಿಪ್ ಆಸ್ಟ್ಲಿ. ಉಳಿದ ಒಂಬತ್ತು ವಾರಗಳಲ್ಲಿ ಚೆಂಡನ್ನು ಎಷ್ಟು ಹಿಡಿದೆನೋ, ಆಸ್ಟ್ಲಿಯ ಚರಿತ್ರೆಯನ್ನು ಅದಕ್ಕಿಂತ ಹೆಚ್ಚಾಗಿ ಹಿಡಿದುಕೊಂಡೆ.

ಆಸ್ಟ್ಲಿ ಹುಟ್ಟಿದ್ದು ೧೭೪೨ರ ಜನವರಿಯಲ್ಲಿ, ಇಂಗ್ಲೆಂಡಿನ ಮಧ್ಯಭಾಗದಲ್ಲಿರುವ ನ್ಯೂಕ್ಯಾಸಲ್-ಅಂಡರ್-ಲೈಮ್ ಎಂಬ ಊರಿನಲ್ಲಿ. ತಂದೆ ಮರಗೆಲಸದವನು, ಮೇಜು ಬೀರುಗಳನ್ನು ಮಾಡುವ ಕುಶಲ ಕೆಲಸ ಅವನದು. ಒಂಬತ್ತನೆಯ ವಯಸ್ಸಿಗೆ ಮಗನ ಕೈಗೂ ಉಳಿ ಬಂದಿತು. ಶಾಲೆಯ ಓದು ಹುಡುಗನಿಗೆ ಹೆಚ್ಚಾಗಿ ದಕ್ಕಲಿಲ್ಲ. ಮುಂದೆ ದೊಡ್ಡವನಾಗಿ ಹೆಸರು ಪಡೆದಾಗಲೂ ಅವನ ಕಾಗುಣಿತವನ್ನೂ ಉಚ್ಚಾರವನ್ನೂ ಹಾಸ್ಯಮಾಡುವವರು ಲಂಡನ್ನಿನಲ್ಲಿ ಬೇಕಾದಷ್ಟಿದ್ದರು. ಆದರೆ ಮರದ ಕೆಲಸ ವ್ಯರ್ಥವಾಗಲಿಲ್ಲ. ತನ್ನ ಜೀವಮಾನದಲ್ಲಿ ಅವನು ಎಷ್ಟು ರಂಗಶಾಲೆಗಳನ್ನು ಕಟ್ಟಿದನೋ ಅವೆಲ್ಲಕ್ಕೂ ಮರವೇ ಆಧಾರ. ಅವುಗಳ ತೊಲೆ ಜಂತಿಗಳ ಮರ್ಮ ಅವನಿಗೆ ಚೆನ್ನಾಗಿ ಗೊತ್ತಿದ್ದಿತು.

ತಂದೆಗೂ ಮಗನಿಗೂ ಸರಿಹೋಗಲಿಲ್ಲ. ಹುಡುಗನ ಪ್ರಾಣವೆಲ್ಲ ಕುದುರೆಯ ಮೇಲೆ. ೧೭೫೯ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಹೋಗಿ ಕರ್ನಲ್ ಎಲಿಯಟ್ ಆಗತಾನೆ ಕಟ್ಟುತ್ತಿದ್ದ ಹದಿನೈದನೆಯ ಲಘು ಅಶ್ವದಳವನ್ನು ಸೇರಿದನು. ಏಳು ವರ್ಷಗಳ ಯುದ್ಧ ಆಗ ಭರದಿಂದ ನಡೆದಿದ್ದಿತು. ದಳಕ್ಕೆ ಜನ ಬೇಕಾಗಿದ್ದರು. ಅದೇ ಸಮಯಕ್ಕೆ ಕೂಲಿಯ ವಿಷಯದಲ್ಲಿ ತಕರಾರೆತ್ತಿ ಕೆಲಸ ನಿಲ್ಲಿಸಿದ್ದ ದರ್ಜಿಗಳು ಲಂಡನ್ನಿನಲ್ಲಿ ಗುಂಪಾಗಿ ಸೇರಿದ್ದರು. ಅವರಲ್ಲಿ ಅನೇಕರು ಎಲಿಯಟ್ಟನ ದಳಕ್ಕೆ ಭರ್ತಿಯಾದರು. ಸೂಜಿ ದಾರ ಹಿಡಿದು, ಕಾಲು ಮಡಿಸಿ ಕುಳಿತೇ ಬಾಳಿದ ಜನ. ಕುದುರೆಯನ್ನು ಬೀದಿಯಲ್ಲಿ ಕಂಡದ್ದಲ್ಲದೆ ಅದರ ಬೆನ್ನನ್ನು ಮುಟ್ಟಿದವರಲ್ಲ. ಜನರು ಆ ದಳವನ್ನು ದರ್ಜಿಗಳ ದಳವೆಂದೇ ಆಡಿಕೊಂಡರು.

ಈ ಸಂಗತಿಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ದೊಡ್ಡ ವಯಸ್ಸಿನಲ್ಲಿ ಹೊಸ ವಿದ್ಯೆಗೆ ಕೈಯೊಡ್ಡಿದ ಒಂದು ಇಡೀ ಪಡೆಯೇ ನನ್ನ ಕಣ್ಣ ಮುಂದೆ ಬಂದು ನಿಂತಿತು. ಅವರು ಎಷ್ಟು ಸಲ ಬಿದ್ದಿರಬಹುದು! ರಿಕಾಪಿಗೆ ಕಾಲು ಸಿಗದೆ, ಲಗಾಮು ಯಾವ ಕೈಯಲ್ಲಿ ಹಿಡಿಯಬೇಕೆಂದು ತಿಳಿಯದೆ ಎಷ್ಟು ಪೇಚಾಡಿರಬಹುದು! ಆದರೆ ಚರಿತ್ರೆ ಹೇಳುವುದು ಅಷ್ಟನ್ನೇ ಅಲ್ಲ. ೧೭೬೦ರ ಜುಲೈ ತಿಂಗಳಿನಲ್ಲಿ ಜರ್ಮನಿಯ ಎಮ್ಸ್‌ಡಾರ್ಫ್ ಎಂಬಲ್ಲಿ ನಡೆದ ಕಾಳಗದಲ್ಲಿ, ಕಟ್ಟಿ ಒಂದೂವರೆ ವರ್ಷವೂ ಆಗದ ಈ ದಳವೇ ಫ್ರೆಂಚರ ಕಾಲಾಳುಗಳ ಮೇಲೆ ನುಗ್ಗಿ ಜಯದ ಮುಖ್ಯ ಕೀರ್ತಿಯನ್ನು ಗಳಿಸಿತು. ಅಂದು ಶತ್ರುವಿನ ಧ್ವಜವೊಂದನ್ನು ಕಸಿದು ತಂದವರಲ್ಲಿ ಹದಿನೆಂಟು ವರ್ಷದ ಆಸ್ಟ್ಲಿಯೂ ಒಬ್ಬನು. ಕುದುರೆಗಳನ್ನು ಪಳಗಿಸುವುದರಲ್ಲಿಯೂ ಸವಾರರನ್ನು ತಿದ್ದುವುದರಲ್ಲಿಯೂ ಅವನಿಗಿದ್ದ ಕೈಗುಣವನ್ನು ಮೇಲಿನವರು ಬೇಗ ಗುರುತಿಸಿದರು. ಆರಡಿಗೂ ಮೀರಿದ ಆಳು, ಗುಡುಗಿನಂಥ ಗಂಟಲು. ೧೭೬೬ರಲ್ಲಿ ಸಾರ್ಜೆಂಟ್ ಮೇಜರ್ ಪದವಿಯಿಂದ ಬಿಡುಗಡೆ ಪಡೆದಾಗ ಎಲಿಯಟ್ ಅವನಿಗೆ ಒಂದು ಬಿಳಿಯ ಕುದುರೆಯನ್ನು ಉಡುಗೊರೆಯಾಗಿ ಕೊಟ್ಟನು.

ಯುದ್ಧ ಮುಗಿದ ದೇಶದಲ್ಲಿ ಸವಾರನಿಗೆ ಕೆಲಸವೆಲ್ಲಿ? ಲಂಡನ್ನಿನ ಉದ್ಯಾನಗಳಲ್ಲಿಯೂ ಬಯಲುಗಳಲ್ಲಿಯೂ ಓಡುವ ಕುದುರೆಯ ಮೇಲೆ ನಿಂತು ಚಮತ್ಕಾರ ತೋರಿಸುವವರು ಆಗಲೇ ಇದ್ದರು. ಪ್ರೈಸ್, ಜಾನ್ಸನ್, ಸ್ಯಾಂಪ್ಸನ್ ಎಂಬುವರ ಹೆಸರುಗಳು ಜನರ ಬಾಯಲ್ಲಿದ್ದವು. ಆಸ್ಟ್ಲಿ ಅವರನ್ನು ನೋಡಿದನು. ಇದನ್ನು ತಾನೂ ಮಾಡಬಲ್ಲೆನು, ಇನ್ನೂ ಚೆನ್ನಾಗಿ ಮಾಡಬಲ್ಲೆನು ಎಂದುಕೊಂಡನು. ಕೈಯಲ್ಲಿ ಹಣವಿಲ್ಲ. ಮನೆಯಲ್ಲಿ ಹೆಂಡತಿ ಪ್ಯಾಟಿ ಇದ್ದಳು. ಆಕೆಯೂ ಒಳ್ಳೆಯ ಸವಾರಳೇ. ೧೭೬೮ರಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕೆ ಲ್ಯಾಂಬೆತ್ ಪ್ರದೇಶದ ಹಾಫ್‌ಪೆನಿ ಹ್ಯಾಚ್ ಎಂಬ ಜವುಗು ಬಯಲನ್ನು ಹಿಡಿದು, ಸುತ್ತ ಬೇಲಿ ಕಟ್ಟಿ, ಸವಾರಿಯ ಶಾಲೆಯೊಂದನ್ನು ತೆರೆದನು. ಅರ್ಧ ಪೆನ್ನಿ ಸುಂಕ ಕೊಟ್ಟು ಹಾಯಬೇಕಾದ ಕಾಲುದಾರಿ ಅಲ್ಲಿದ್ದುದರಿಂದ ಆ ಹೆಸರು. ಬೆಳಗ್ಗೆ ಕಲಿಯಬಂದವರಿಗೆ ಪಾಠ. ಮಧ್ಯಾಹ್ನ ನೋಡಬಂದವರಿಗೆ ಆಟ. ಕುಳಿತು ನೋಡುವವರಿಗೆ ಒಂದು ಷಿಲಿಂಗ್, ನಿಂತು ನೋಡುವವರಿಗೆ ಆರು ಪೆನ್ನಿ.

ಬೆಳಗಿನ ಪಾಠದಿಂದಲೇ ಮಧ್ಯಾಹ್ನದ ಆಟಕ್ಕೆ ಅದರ ಆಕಾರ ಬಂದಿತೆಂಬುದು ಗಮನಿಸತಕ್ಕ ವಿಷಯ. ಕುದುರೆಯನ್ನು ಪಳಗಿಸುವ ಗುರುವು ಮಧ್ಯದಲ್ಲಿ ನಿಂತು ಅದನ್ನು ಸುತ್ತಲೂ ಓಡಿಸುವನು. ಈ ವರ್ತುಲವನ್ನೇ ಆಸ್ಟ್ಲಿ ರಂಗವಾಗಿ ಮಾಡಿದನು. ನೆಟ್ಟಗೆ ಓಡುವ ಕುದುರೆಯು ಕ್ಷಣಮಾತ್ರದಲ್ಲಿ ನೋಟದಿಂದ ಮರೆಯಾಗುತ್ತದೆ. ಸುತ್ತು ಓಡುವ ಕುದುರೆಯು ಎಲ್ಲರ ಕಣ್ಣೆದುರಿಗೆ ಮತ್ತೆ ಮತ್ತೆ ಬರುತ್ತದೆ. ಇದಕ್ಕಿಂತ ಮುಖ್ಯವಾದ ಗುಟ್ಟು ಇನ್ನೊಂದಿದೆ. ಸುತ್ತು ಓಡುವ ಕುದುರೆಯು ಒಳಗಡೆಗೆ ವಾಲುತ್ತದೆ. ಅದರ ಬೆನ್ನಿನ ಮೇಲೆ ನಿಂತವನೂ ಅದರೊಡನೆ ಒಳಗಡೆಗೆ ವಾಲಬೇಕು. ವೇಗವು ಅವನನ್ನು ಹೊರಕ್ಕೆ ಎಳೆಯುವಂತೆಯೂ, ವಾಲಿದ ಮೈಯ ಭಾರವು ಒಳಕ್ಕೆ ಎಳೆಯುವಂತೆಯೂ ಇದ್ದು, ಇವೆರಡೂ ಸರಿತೂಗಿದಾಗ ಅವನು ಬೀಳದೆ ನಿಲ್ಲುತ್ತಾನೆ. ವೇಗ ಕುಂದಿದರೆ ತೂಕ ತಪ್ಪುತ್ತದೆ. ಸುತ್ತಿನ ಅಳತೆ ಹೆಚ್ಚು ಕಡಿಮೆಯಾದರೂ ತಪ್ಪುತ್ತದೆ. ಆಸ್ಟ್ಲಿ ಅಳತೆಗಳನ್ನು ಬದಲಾಯಿಸಿ ನೋಡಿ ಕೊನೆಗೆ ೪೨ ಅಡಿ ಅಡ್ಡಳತೆಯಲ್ಲಿ ನಿಂತನು. ಇಂದಿಗೂ ಪ್ರಪಂಚದ ನಾನಾ ದೇಶಗಳಲ್ಲಿ ಸರ್ಕಸ್ಸಿನ ರಂಗಕ್ಕೆ ಅದೇ ಅಳತೆ. ಮೂರನೆಯ ವಾರ, ಮೊಳಕಾಲೆತ್ತರಕ್ಕೆ ಬಿಗಿದ ಹಗ್ಗದ ಮೇಲೆ ನನ್ನನ್ನು ನಿಲ್ಲಿಸಿದಾಗ ಈ ವಿಷಯ ನನ್ನ ಅಂಗಾಲಿಗೆ ತಿಳಿಯಿತು. ಕಾಲನ್ನು ನೋಡಿಕೊಂಡವನು ಬೀಳುತ್ತಾನೆ. ಹಗ್ಗದ ಆಚೆಯ ತುದಿಯನ್ನು ದಿಟ್ಟಿಸಿ, ಕೈಗಳನ್ನು ಚಾಚಿ, ಸದಾ ಸ್ವಲ್ಪ ಸ್ವಲ್ಪ ತಪ್ಪುತ್ತ, ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುತ್ತಿರುವವನು ನಿಲ್ಲುತ್ತಾನೆ.

ಆಸ್ಟ್ಲಿಯ ಶಾಲೆಗೆ ಬೇಗನೆ ಜನ ಕೂಡಿದರು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಅವನಿಗೊಂದು ವಜ್ರದುಂಗುರ ಸಿಕ್ಕಿತೆಂದೂ, ಅದಕ್ಕೆ ಒಡೆಯರಾರೂ ಬರದಿದ್ದುದರಿಂದ ೬೦ ಪೌಂಡುಗಳಿಗೆ ಮಾರಿ ಸೇತುವೆಯ ಬುಡದಲ್ಲೇ ಹೊಸ ಜಾಗ ಹಿಡಿದನೆಂದೂ ಒಂದು ಕಥೆಯಿದೆ. ಕಥೆ ಹೇಗಾದರೂ ಇರಲಿ, ಆ ಜಾಗಕ್ಕೆ ಅವನು ಬಂದದ್ದು ನಿಜ. ಬರಿಯ ಸವಾರಿಯನ್ನೇ ನೋಡಿ ಜನಕ್ಕೆ ಬೇಸರ ಬರಬಹುದೆಂದು ೧೭೭೦ರ ಸುಮಾರಿನಲ್ಲಿ ಜಾತ್ರೆಗಳಲ್ಲಿ ಆಡುತ್ತಿದ್ದ ಹಗ್ಗದ ನಡಿಗೆಯವರನ್ನೂ, ಲಾಗ ಹಾಕುವವರನ್ನೂ, ಚೆಂಡಾಡಿಸುವವರನ್ನೂ ಕರೆತಂದನು. ನಮ್ಮ ದೊಂಬರಾಟದವರಂತೆ ಊರೂರು ಅಲೆಯುತ್ತಿದ್ದ ಆ ಕಲಾವಿದರಿಗೆ ಒಂದು ಸೂರು, ಒಂದು ಹೊತ್ತು, ಒಂದು ಕೂಲಿ ದೊರಕಿತು. ಒಂದೊಂದೇ ಬಗೆಯಾಗಿ ಹಿಂದಿನಿಂದಲೂ ಇದ್ದ ಈ ವಿದ್ಯೆಗಳನ್ನು ಕುದುರೆಯ ಸುತ್ತಿನೊಳಕ್ಕೆ ಸೇರಿಸಿ ಕೋದದ್ದೇ ಆಸ್ಟ್ಲಿಯ ನಿರ್ಮಾಣ.

ಆ ಸುತ್ತಿನೊಳಕ್ಕೆ ಅವನು ಒಬ್ಬ ಕೋಡಂಗಿಯನ್ನೂ ತಂದನು. ಬಿಲ್ಲಿ ಬಟನ್ ಎಂಬ ದರ್ಜಿಯ ಪ್ರಸಂಗ ಅದು. ೧೭೬೮ರಲ್ಲಿ ಬ್ರೆಂಟ್‌ಫರ್ಡ್ ಎಂಬಲ್ಲಿ ಒಂದು ಚುನಾವಣೆ ನಡೆದು ಲಂಡನ್ನೆಲ್ಲ ಗದ್ದಲವೆದ್ದಿತ್ತು. ನಮ್ಮ ದರ್ಜಿ ಮತ ಹಾಕಲು ಅಲ್ಲಿಗೆ ಹೋಗಬೇಕು, ಸವಾರಿ ಬಾರದು. ಕುದುರೆ ಹತ್ತಲು ಹೋಗಿ ಆಚೆಗೆ ಬೀಳುತ್ತಾನೆ. ಬಾಲದ ಕಡೆಗೆ ಮುಖಮಾಡಿ ಕೂರುತ್ತಾನೆ. ಹೋಗೆಂದರೆ ಕುದುರೆ ನಿಲ್ಲುತ್ತದೆ, ನಿಲ್ಲೆಂದರೆ ಓಡುತ್ತದೆ. ಕೊನೆಗೆ ಅವನನ್ನು ಕೆಡವಿ ಸುತ್ತಲೂ ಅಟ್ಟಿಸಿಕೊಂಡು ಹೋಗುತ್ತದೆ. ಜನ ಹೊಟ್ಟೆ ಹಿಡಿದು ನಕ್ಕರು. ಈ ಪ್ರಸಂಗ ನೂರು ವರ್ಷಕ್ಕೂ ಹೆಚ್ಚು ಕಾಲ ಸರ್ಕಸ್ಸುಗಳಲ್ಲಿ ನಡೆದು ಬಂದಿತು. ಮೊದಮೊದಲು ದರ್ಜಿಯ ಪಾತ್ರವನ್ನು ಆಸ್ಟ್ಲಿಯೇ ವಹಿಸುತ್ತಿದ್ದನು. ಸವಾರಿಯಲ್ಲಿ ಅವನ ಸಮಾನರು ಅಂದಿನ ಇಂಗ್ಲೆಂಡಿನಲ್ಲಿ ಕೆಲವರೇ. ಅಂಥವನು ಸವಾರಿ ಬಾರದವನಂತೆ ಬಿದ್ದು ತೋರಿಸುತ್ತಿದ್ದನು. ಚೆನ್ನಾಗಿ ಬಲ್ಲವನೇ ಚೆನ್ನಾಗಿ ಬೀಳಬಲ್ಲನು ಎಂಬುದೊಂದು ಮಾತು. ಆದರೆ ನನಗೆ ಇನ್ನೊಂದು ತೋರುತ್ತದೆ. ಎಲಿಯಟ್ಟನ ದಳದಲ್ಲಿ ಆಸ್ಟ್ಲಿಯ ಪಕ್ಕದಲ್ಲಿ ನಿಂತಿದ್ದವರು ದರ್ಜಿಗಳು. ಅವರು ಬೀಳುವುದನ್ನು ಅವನು ದಿನವೂ ಕಂಡಿರಬೇಕು. ಅವರೇ ಎಮ್ಸ್‌ಡಾರ್ಫಿನಲ್ಲಿ ಗೆದ್ದುದನ್ನೂ ಕಂಡವನು. ಇದು ನನ್ನ ಊಹೆಯೇ ಹೊರತು ಚರಿತ್ರೆಯಲ್ಲ. ಆದರೂ ಆ ನಗೆಯಲ್ಲಿ ತಿರಸ್ಕಾರಕ್ಕಿಂತ ಸಲಿಗೆಯೇ ಹೆಚ್ಚಾಗಿತ್ತೆಂದು ನಂಬಲು ನನಗೆ ಇಷ್ಟ.

ಇದನ್ನು ನಂಬಬಯಸುವುದಕ್ಕೆ ನನ್ನದೇ ಕಾರಣವೊಂದಿದೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಹಳ್ಳಿಯಿಂದ ಬಂದ ಹುಡುಗನೊಬ್ಬನು ತರಗತಿಯಲ್ಲಿ ನಿಂತು ಪಾಠವನ್ನು ಓದುತ್ತ ಒತ್ತಕ್ಷರವೊಂದರಲ್ಲಿ ಮುಗ್ಗರಿಸಿದನು. ಮತ್ತೆ ಓದಿದನು, ಮತ್ತೆ ಮುಗ್ಗರಿಸಿದನು. ನಾನು ನಕ್ಕೆ. ಮೇಷ್ಟರು ನಕ್ಕರೆಂದು ನಲವತ್ತು ಹುಡುಗರು ನಕ್ಕರು. ಅವನು ಪುಸ್ತಕವನ್ನು ಮುಚ್ಚಿ ಕುಳಿತನು. ಆಮೇಲೆ ಆ ವರ್ಷವೆಲ್ಲ ನನ್ನ ಪಾಠದಲ್ಲಿ ಬಾಯಿ ತೆರೆಯಲಿಲ್ಲ. ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ಬಾರದಿದ್ದುದಕ್ಕೆ ಮನೆಯ ಬಡತನ ಕಾರಣವಿದ್ದೀತು, ಬೇರೇನೋ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡು ಮೂವತ್ತು ವರ್ಷ ಕಳೆದೆ. ಲಂಡನ್ನಿನ ಆ ಕೊಠಡಿಯಲ್ಲಿ ಗೋಡೆಗೆ ಮುಖಮಾಡಿ ನಿಂತಾಗ, ಬೆನ್ನ ಹಿಂದಿನ ಒಂದು ನಗೆಗೆ ನನ್ನ ಕೈಗಳೆರಡೂ ಮರಗಟ್ಟಿದವು. ಆಗ ಆ ಹುಡುಗನ ಮುಖ ಕಣ್ಣಿಗೆ ಕಟ್ಟಿದಂತೆ ಬಂದಿತು.

ಆಸ್ಟ್ಲಿಯ ಏಳಿಗೆಯ ಕಥೆ ದೊಡ್ಡದು. ೧೭೭೨ರಲ್ಲಿ ಫ್ರಾನ್ಸಿಗೆ ಹೋಗಿ ಆಟ ತೋರಿಸಿದನು. ಕೆಲವು ವರ್ಷಗಳ ಮೇಲೆ ಪ್ಯಾರಿಸ್ಸಿನಲ್ಲಿಯೇ ರಂಗಶಾಲೆ ಕಟ್ಟಿಸಿದನು. ಓಡುವ ಕುದುರೆಯ ಮೇಲೆ ನರ್ತಿಸುತ್ತಿದ್ದ ಅವನ ಮಗ ಜಾನ್, ರಾಣಿ ಮಾರಿ ಆಂತ್ವಾನೆತ್ತಳ ಮೆಚ್ಚುಗೆಗೆ ಪಾತ್ರನಾದನು. ಅಲ್ಲಿಯ ನಾಟಕದವರು ಅಸೂಯೆಪಟ್ಟು ದೂರು ಕೊಟ್ಟಾಗ, ಕುದುರೆಯ ಮೇಲಲ್ಲದೆ ಬೇರೆ ಆಟ ಕೂಡದೆಂದು ಅಪ್ಪಣೆಯಾಯಿತಂತೆ. ಆಸ್ಟ್ಲಿ ಹದಿನಾರು ಕುದುರೆಗಳ ಬೆನ್ನಿನ ಮೇಲೆ ಒಂದು ಅಟ್ಟಣೆಯನ್ನು ಹಾಕಿಸಿ, ಲಾಗದವರನ್ನು ಅದರ ಮೇಲೆ ಹತ್ತಿಸಿ, ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದನೆಂದು ಹೇಳುತ್ತಾರೆ. ಲಂಡನ್ನಿನಲ್ಲಿಯೂ ಪೈಪೋಟಿ ತಪ್ಪಲಿಲ್ಲ. ಅವನ ಬಳಿಯೇ ಸವಾರನಾಗಿದ್ದ ಚಾರ್ಲ್ಸ್ ಹ್ಯೂಸ್ ಎಂಬುವನು, ಗೀತಕಾರ ಚಾರ್ಲ್ಸ್ ಡಿಬ್ಡಿನ್ನನೊಡನೆ ಸೇರಿ ೧೭೮೨ರಲ್ಲಿ ರಾಯಲ್ ಸರ್ಕಸ್ ಎಂಬ ಹೆಸರಿನಲ್ಲಿ ಇದಿರು ರಂಗವನ್ನು ತೆರೆದನು. ಜಗತ್ತು ಉಳಿಸಿಕೊಂಡದ್ದು ಎದುರಾಳಿ ಇಟ್ಟ ಆ ಹೆಸರನ್ನು. ಸರ್ಕಸ್ಸಿನ ತಂದೆಯೆನಿಸಿಕೊಂಡ ಆಸ್ಟ್ಲಿಯು ತನ್ನ ಮನೆಯನ್ನು ಆಂಫಿಥಿಯೇಟರ್ ಎಂದು ಕರೆದನೇ ಹೊರತು ಸರ್ಕಸ್ ಎಂದು ಕರೆಯಲಿಲ್ಲ.

ಬೀಳುವುದು ಆಸ್ಟ್ಲಿಯ ಬಾಳಿನಲ್ಲಿ ಬರಿಯ ಪಾತ್ರವಾಗಿ ಉಳಿಯಲಿಲ್ಲ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಪ್ಯಾರಿಸ್ಸಿನ ರಂಗ ಕೈಬಿಟ್ಟು ಹೋಯಿತು. ಫ್ರಾಂಕೋನಿ ಮನೆತನದವರು ಅಲ್ಲಿ ಆಟ ಮುಂದುವರಿಸಿದರು. ಯುದ್ಧ ಮೊದಲಾದಾಗ, ಐವತ್ತು ದಾಟಿದ್ದ ಆಸ್ಟ್ಲಿ ಮತ್ತೆ ಸೈನ್ಯದೊಡನೆ ಫ್ಲಾಂಡರ್ಸಿಗೆ ಹೋದನು. ೧೭೯೪ರಲ್ಲಿ ಲಂಡನ್ನಿನ ರಂಗಶಾಲೆ ಬೆಂಕಿಗೆ ಆಹುತಿಯಾಯಿತು. ಹಿಂದಿರುಗಿ ಬಂದು ಮರುವರ್ಷವೇ ಮತ್ತೆ ಕಟ್ಟಿ ತೆರೆದನು. ೧೮೦೨ರಲ್ಲಿ ಎರಡು ದೇಶಗಳಿಗೂ ಶಾಂತಿಯಾಗಲು ತನ್ನ ಸ್ವತ್ತನ್ನು ಕೇಳಲು ಪ್ಯಾರಿಸ್ಸಿಗೆ ಹೋದನು. ಮರುವರ್ಷ ಯುದ್ಧ ಮತ್ತೆ ಹೊತ್ತಿಕೊಂಡು, ಫ್ರಾನ್ಸಿನಲ್ಲಿದ್ದ ಇಂಗ್ಲಿಷರನ್ನೆಲ್ಲ ನೆಪೋಲಿಯನ್ ತಡೆದು ಹಿಡಿಸಿದಾಗ ಹೇಗೋ ತಪ್ಪಿಸಿಕೊಂಡು ಬಂದನು. ಅದೇ ೧೮೦೩ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಂಗಶಾಲೆ ಎರಡನೆಯ ಸಲ ಸುಟ್ಟುಹೋಯಿತು. ಮನೆಯವರಲ್ಲೊಬ್ಬರ ಪ್ರಾಣವೂ ಹೋಯಿತು. ಆಗ ಅವನಿಗೆ ಅರವತ್ತೊಂದು ವರ್ಷ. ಮುಂದಿನ ಈಸ್ಟರಿನ ಹೊತ್ತಿಗೆ ಹೊಸ ರಂಗ ಎದ್ದು ನಿಂತಿದ್ದಿತು. ಮರಗೆಲಸದವನ ಮಗನಿಗೆ ಮರ ಸುಡುತ್ತದೆಂಬುದೂ ಗೊತ್ತು, ಮತ್ತೆ ಕಟ್ಟಬಹುದೆಂಬುದೂ ಗೊತ್ತು. ಇಷ್ಟರ ನಡುವೆ, ಕಾಗುಣಿತ ಬಾರದವನೆಂದು ನಗೆಗೀಡಾಗಿದ್ದ ಈತನು ಸವಾರಿಯ ಶಿಕ್ಷಣವನ್ನು ಕುರಿತು ಪುಸ್ತಕಗಳನ್ನೂ ಬರೆದು ಅಚ್ಚು ಹಾಕಿಸಿದನು. ೧೮೧೪ರಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಮಗ ಜಾನನೂ ೧೮೨೧ರಲ್ಲಿ ಅದೇ ಊರಿನಲ್ಲಿ ತೀರಿಹೋದನು.

ಆಸ್ಟ್ಲಿಯ ಹೆಸರು ಸಾಹಿತ್ಯಕ್ಕೂ ಅಪರಿಚಿತವಲ್ಲ. ಜೇನ್ ಆಸ್ಟೆನ್ನಳ ಎಮ್ಮಾ ಕಾದಂಬರಿಯಲ್ಲಿ ಅವನ ರಂಗದ ಪ್ರಸ್ತಾಪ ಬರುತ್ತದೆ. ಡಿಕನ್ಸ್ ತನ್ನ ಮೊದಲ ಬರೆಹಗಳಲ್ಲಿ ಅದನ್ನು ಕುರಿತು ಒಂದು ಪ್ರಬಂಧವನ್ನೇ ಬರೆದಿದ್ದಾನೆ. ನಮ್ಮ ದೇಶದಲ್ಲಿಯೂ ಈ ವಿದ್ಯೆಯು ಗುರುಗಳ ಕೈಯಿಂದಲೇ ಬಂದಿತೆಂಬುದನ್ನು ನೆನೆದರೆ ಸಂತೋಷವಾಗುತ್ತದೆ. ೧೮೮೦ರಲ್ಲಿ ಭಾರತೀಯರದೇ ಆದ ಮೊದಲನೆಯ ಸರ್ಕಸ್ಸನ್ನು ಹೂಡಿದ ವಿಷ್ಣುಪಂತ ಛತ್ರೆಯವರು, ನಮ್ಮ ಬೆಳಗಾವಿ ಸೀಮೆಗೆ ಸಮೀಪದ ಕುರುಂದವಾಡದ ಸಂಸ್ಥಾನದಲ್ಲಿ ಕುದುರೆಯ ಲಾಯವನ್ನು ನೋಡಿಕೊಳ್ಳುತ್ತಿದ್ದ ಅಶ್ವಶಿಕ್ಷಕರು. ೧೯೦೧ರಲ್ಲಿ ತಲಶೇರಿಯ ಬಳಿ ಸರ್ಕಸ್ ಶಾಲೆಯನ್ನು ತೆರೆದ ಕೀಲೇರಿ ಕುಞಿಕಣ್ಣನ್ ಅವರು ವ್ಯಾಯಾಮದ ಮೇಷ್ಟರು.

ಹೊರಡುವ ಮುನ್ನ ಒಂದು ಮಧ್ಯಾಹ್ನ ಆಸ್ಟ್ಲಿಯ ಜಾಗಗಳನ್ನು ನೋಡಲು ಹೋದೆ. ಹಾಫ್‌ಪೆನಿ ಹ್ಯಾಚಿನ ಬಯಲಿದ್ದಲ್ಲಿ ವಾಟರ್ಲೂ ನಿಲ್ದಾಣದ ಆಸುಪಾಸಿನ ಬೀದಿಗಳಿವೆ. ಸೇತುವೆಯ ಬಳಿಯ ರಂಗಶಾಲೆಯನ್ನು ೧೮೯೩ರಲ್ಲಿಯೇ ಕೆಡವಿದರು. ಬೀದಿಯ ಬದಿಯಲ್ಲಿ ನಿಂತು, ನನ್ನ ಕಾಲಿನಿಂದ ಇಪ್ಪತ್ತೊಂದು ಅಡಿ ಎಷ್ಟು ದೂರವಾದೀತೆಂದು ಅಂದಾಜು ಮಾಡಿ ನೋಡಿದೆ. ಅಷ್ಟು ಚಿಕ್ಕ ಜಾಗ. ನಮ್ಮ ಶಾಲೆಯ ಒಂದು ಕೊಠಡಿಗಿಂತ ಬಹಳ ದೊಡ್ಡದೇನಲ್ಲ.

ಹತ್ತನೆಯ ವಾರ ಮೂರು ಚೆಂಡುಗಳನ್ನು ಏಳು ಸಲ ಹಿಡಿದೆ, ಎಂಟನೆಯದು ಬಿದ್ದಿತು. ಹಿಂದಿನಿಂದ ನಗೆ ಕೇಳಿಸಿತು, ಚಪ್ಪಾಳೆಯೂ ಕೇಳಿಸಿತು. ತಿರುಗಿ ನೋಡಿ ನಾನೂ ನಕ್ಕೆ. ಊರಿಗೆ ಬಂದ ಮೇಲೆ ನಮ್ಮ ಹಳೆಯ ಶಾಲೆಯ ಗುಮಾಸ್ತರನ್ನು ಕೇಳಿ ಹಾಜರಿ ಪುಸ್ತಕಗಳನ್ನು ತೆಗೆಸಿದೆ. ಆ ಹುಡುಗನ ಹೆಸರು ಸಿಕ್ಕಿತು, ಹಳ್ಳಿಯ ಹೆಸರೂ ಸಿಕ್ಕಿತು. ಅವನಿಗೆ ಈಗ ಐವತ್ತರ ಹತ್ತಿರದ ವಯಸ್ಸು. ಬರುವ ಭಾನುವಾರ ಆ ಕಡೆಯ ಬಸ್ಸು ಹತ್ತಬೇಕೆಂದಿದ್ದೇನೆ. ಹೋಗಿ ಏನು ಹೇಳಬೇಕೆಂಬುದು ಇನ್ನೂ ತಿಳಿದಿಲ್ಲ. ಚೀಲದಲ್ಲಿ ಮೂರು ಚೆಂಡುಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಮೊದಲು ಅವನೆದುರಿಗೆ ಅವನ್ನು ಬೀಳಿಸಿ ತೋರಿಸುವುದು, ಉಳಿದದ್ದು ಆಮೇಲೆ.